ಬರ್ಲಿನ್ ಸಿಗಲಿಲ್ಲ ಅಂದ್ರೆ ಸೋತ ಹಾಗಾ? – ಸ್ಕ್ರೊವಾಚೆವ್ಸ್ಕಿ ಲೇಖನದ ಬಗ್ಗೆ ಬಂದ ಪತ್ರಕ್ಕೆ ಸಂಪಾದಕರ ಉತ್ತರ

ಸರ್, ನಿಮ್ಮ ಪತ್ರ ತಲುಪಿತು. ಮೂರು ಪುಟದಲ್ಲಿ ಎರಡು ಪುಟ ಬೈಗುಳಾನೇ ಇದೆ, ಪರವಾಗಿಲ್ಲ, ಬೈಯೋಕಾದ್ರೂ ಪೂರ್ತಿ ಓದಿದ್ದೀರಲ್ಲ ಅನ್ನೋದೇ ಖುಷಿ. ಉಳಿದವರಿಗೆ ವಿಷಯ ಗೊತ್ತಾಗ್ಲಿ ಅಂತ ಹೇಳ್ತೀನಿ: ಹೋದ ಸಂಚಿಕೆಯಲ್ಲಿ ಪೋಲೆಂಡ್ ಮೂಲದ ಆರ್ಕೆಸ್ಟ್ರಾ ಕಂಡಕ್ಟರ್ ಸ್ಟಾನಿಸ್ಲಾವ್ ಸ್ಕ್ರೊವಾಚೆವ್ಸ್ಕಿ ಬಗ್ಗೆ ಹಾಕಿದ್ದ ಲೇಖನ ಓದಿ ಇವರು ಎರಡು ಪ್ರಶ್ನೆ ಕೇಳಿದ್ದಾರೆ. ಒಂದು, ಯಾವ ವಾದ್ಯಾನೂ ನುಡಿಸದೆ ಕೋಲು ಆಡಿಸೋ ಮನುಷ್ಯನಿಗೆ ನಾಲ್ಕು ಪುಟ ಯಾಕೆ? ಎರಡು, ಅಷ್ಟು ದೊಡ್ಡವರಾಗಿದ್ರೆ ಬರ್ಲಿನ್, ವಿಯೆನ್ನಾ, ನ್ಯೂಯಾರ್ಕ್ ಬಿಟ್ಟು ಅಮೆರಿಕದ ಮಿನಿಯಾಪೊಲಿಸ್ ಅನ್ನೋ ಊರಲ್ಲೇ ಯಾಕೆ 19 ವರ್ಷ ಕೂತ್ರು?

ಮೊದಲನೇದಕ್ಕೆ ಜಾಸ್ತಿ ಹೊತ್ತು ಬೇಡ. ತೊಂಬತ್ತು-ನೂರು ಜನ ಒಟ್ಟಿಗೆ ನುಡಿಸುವಾಗ ಯಾರ ಧ್ವನಿ ಎಷ್ಟು ಕೇಳಿಸಬೇಕು, ಹಿತ್ತಾಳೆ ವಾದ್ಯಗಳು ಪಿಟೀಲುಗಳನ್ನ ನುಂಗದ ಹಾಗೆ ಹೇಗೆ ನೋಡ್ಕೋಬೇಕು, ವೇಗ ಎಲ್ಲಿ ಬಿಗಿ ಎಲ್ಲಿ ಸಡಿಲ, ಇದೆಲ್ಲ ರಿಹರ್ಸಲ್‌ನಲ್ಲೇ ತೀರ್ಮಾನ ಆಗೋದು, ಸಂಜೆ ಕಛೇರಿಯಲ್ಲಿ ನಮಗೆ ಕಾಣೋ ಕೋಲು ಆ ಕೆಲಸದ ಕೊನೇ ಭಾಗ ಅಷ್ಟೆ. ಇನ್ನು ಅಮೆರಿಕದಲ್ಲಿ ಮ್ಯೂಸಿಕ್ ಡೈರೆಕ್ಟರ್ ಅಂದ್ರೆ ಯಾರನ್ನ ಆರ್ಕೆಸ್ಟ್ರಾಗೆ ಸೇರಿಸಬೇಕು, ವರ್ಷವಿಡೀ ಏನು ನುಡಿಸಬೇಕು ಅನ್ನೋದರಲ್ಲೂ ಅವರ ಮಾತಿಗೆ ತೂಕ ಇರುತ್ತೆ.

ಆದ್ರೆ ವಾದ್ಯ ನುಡಿಸಲ್ಲ ಅಂದ್ರಲ್ಲ, ಅಲ್ಲಿ ಸ್ವಲ್ಪ ನಿಲ್ಲಿ. ಈ ಮನುಷ್ಯ ನುಡಿಸ್ತಿದ್ರು, ಚೆನ್ನಾಗೇ ನುಡಿಸ್ತಿದ್ರು. 1923ರಲ್ಲಿ, ಆಗ ಪೋಲೆಂಡ್‌ನಲ್ಲಿದ್ದ ಲ್ವೂಫ್‌ನಲ್ಲಿ ಹುಟ್ಟಿದ್ದು, ಅಪ್ಪ ಮೆದುಳಿನ ಸರ್ಜನ್, ಅಮ್ಮ ಪಿಯಾನೋ ನುಡಿಸೋರು, ಹನ್ನೊಂದಕ್ಕೆ ಪಿಯಾನೋ ಕಛೇರಿ, ಹದಿಮೂರಕ್ಕೆ ಬೀಥೋವನ್‌ನ ಮೂರನೇ ಪಿಯಾನೋ ಕಂಚೆರ್ಟೋನ (ಪಿಯಾನೋ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸೋ ಕೃತಿ) ತಾವೇ ನುಡಿಸ್ತಾ ತಾವೇ ಆರ್ಕೆಸ್ಟ್ರಾ ನಡೆಸಿದ್ರು. 1941ರಲ್ಲಿ ಬಾಂಬ್ ದಾಳಿಗೆ ಗೋಡೆ ಕುಸಿದು ಎರಡೂ ಕೈಗೆ ಪೆಟ್ಟಾಯ್ತು, ನರಗಳು ಕೆಟ್ವು, ಪಿಯಾನೋ ವಾದಕನ ದಾರಿ ಅಲ್ಲಿಗೆ ಮುಚ್ಚಿತು. ಆಗಿನ್ನೂ ಹದಿನೇಳು ವರ್ಷ. ಉಳಿದದ್ದು ಸ್ವರ ಬರೆಯೋದು, ಇನ್ನೊಬ್ಬರ ಕೈಲಿ ನುಡಿಸೋದು. ಸಂಯೋಜಕರಾಗೂ ಕೊನೇವರೆಗೆ ಬರೆದ್ರು, 1997 ಮತ್ತು 1999ರಲ್ಲಿ ಎರಡು ಸಲ ಪುಲಿಟ್ಜರ್ ಬಹುಮಾನದ ಅಂತಿಮ ಪಟ್ಟಿಗೆ ಬಂದ್ರು.

ಕೈ ಹೋದ ಮೇಲೆ ಊರೂ ಹೋಯ್ತು. ಯುದ್ಧ ಮುಗಿಯೋ ಹೊತ್ತಿಗೆ ಲ್ವೂಫ್ ಸೋವಿಯತ್ ಪಾಲಾಯ್ತು, ಇವತ್ತು ಅದು ಉಕ್ರೇನಿನ ಲ್ವಿವ್. ಅವರ ಮೊದಲ ನೌಕರಿ ಸಿಕ್ಕಿದ್ದೆಲ್ಲಿ ನೋಡಿ, 1946ರಲ್ಲಿ ವ್ರೊತ್ಸ್ವಾಫ್‌ನಲ್ಲಿ, ಹಿಂದಿನ ವರ್ಷದವರೆಗೆ ಬ್ರೆಸ್ಲಾವ್ ಅಂತಿದ್ದ ಜರ್ಮನ್ ಊರು ಅದು! ಊರು ಕಳ್ಕೊಂಡ ಹುಡುಗ, ಊರಿನ ಜನಾನೇ ಬದಲಾಗ್ತಿದ್ದ ಜಾಗದಲ್ಲಿ ಆರ್ಕೆಸ್ಟ್ರಾ ಕಟ್ಟೋಕೆ ನಿಂತ. ಆಮೇಲೆ ಎರಡು ವರ್ಷ ಪ್ಯಾರಿಸ್‌ನಲ್ಲಿ ಸಂಗೀತದ ಹೆಸರಾಂತ ಗುರು ನಾದಿಯಾ ಬುಲಾಂಜೆ ಹತ್ರ ಪಾಠ, ವಾಪಸ್ ಪೋಲೆಂಡ್‌ಗೆ ಬಂದು ಕಾತೊವಿತ್ಸೆ, ಕ್ರಾಕೂಫ್, ವಾರ್ಸಾ ಊರುಗಳ ಆರ್ಕೆಸ್ಟ್ರಾಗಳಲ್ಲಿ ಕೆಲಸ. 1956ರಲ್ಲಿ ರೋಮ್‌ನ ಸಾಂತಾ ಚೆಚೀಲಿಯಾ ಕಂಡಕ್ಟರ್ ಸ್ಪರ್ಧೆ ಗೆದ್ರು, ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾದ ಕಂಡಕ್ಟರ್ ಜಾರ್ಜ್ ಸೆಲ್ ಇವರನ್ನ ಅಮೆರಿಕಕ್ಕೆ ಕರೆದ್ರು, 1960ರಲ್ಲಿ ಮಿನಿಯಾಪೊಲಿಸ್ ಆರ್ಕೆಸ್ಟ್ರಾದ ಮ್ಯೂಸಿಕ್ ಡೈರೆಕ್ಟರ್ ಆದ್ರು. ಅಲ್ಲಿ ಈ ಉದ್ದ ಹೆಸರು ಹೇಳೋಕೆ ನಾಲಗೆ ತಿರುಗದೆ ಎಲ್ರೂ ಸ್ಟ್ಯಾನ್ ಅಂತಿದ್ರು, ನಮ್ಮ ಪ್ರೂಫ್ ರೀಡರ್‌ಗೂ ಆ ಸೌಕರ್ಯ ಇದ್ದಿದ್ರೆ ಚೆನ್ನಾಗಿತ್ತು.

ಈಗ ನಿಮ್ಮ ಎರಡನೇ ಪ್ರಶ್ನೆ, ನಿಜಕ್ಕೂ ಒಳ್ಳೇ ಪ್ರಶ್ನೆ. ಕಂಡಕ್ಟರ್ ವೃತ್ತೀನ ನಾವು ಸರ್ಕಾರಿ ಪ್ರಮೋಷನ್ ಥರ ನೋಡ್ತೀವಿ, ಸಣ್ಣ ಊರಿಂದ ದೊಡ್ಡ ಊರಿಗೆ ವರ್ಗ ಆದ್ರೆ ಗೆದ್ದ ಹಾಗೆ, ಇದ್ದಲ್ಲೇ ಇದ್ರೆ ಕೆಟ್ಟ ಹಾಗೆ. ಸ್ಕ್ರೊವಾಚೆವ್ಸ್ಕಿ ಮಿನಿಯಾಪೊಲಿಸ್‌ಗೆ ಹೋದಾಗ ಆರ್ಕೆಸ್ಟ್ರಾ ನುಡಿಸ್ತಿದ್ದದ್ದು ಯೂನಿವರ್ಸಿಟಿಯ ನಾರ್ತ್‌ರಪ್ ಸಭಾಂಗಣದಲ್ಲಿ, ಸಾವಿರಾರು ಸೀಟು, ಆದ್ರೆ ನಾದ ಹಿಂದಿನ ಸಾಲು ಮುಟ್ಟೋ ಹೊತ್ತಿಗೆ ಸೊರಗಿ ಹೋಗ್ತಿತ್ತು. ಹೊಸ ಸಭಾಂಗಣ ಬೇಕೇ ಬೇಕು ಅಂತ ಇವರು ವರ್ಷಗಟ್ಟಲೆ ಪಟ್ಟು ಹಿಡಿದ್ರು, 1974ರಲ್ಲಿ ಆರ್ಕೆಸ್ಟ್ರಾ ಹಾಲ್ ತೆರೀತು, ಅದರ ವೇದಿಕೆ ಹಿಂದಿನ ಗೋಡೆ, ಸೂರು ತುಂಬ ನಾದ ಚದುರಿಸೋಕೆ ದೊಡ್ಡ ದೊಡ್ಡ ಘನಾಕೃತಿಗಳು ಚಾಚಿಕೊಂಡಿವೆ, ಫೋಟೋ ನೋಡಿದ್ರೆ ಯಾರೋ ಡಬ್ಬಗಳನ್ನ ಎಸೆದ ಹಾಗಿದೆ. ಆರ್ಕೆಸ್ಟ್ರಾದ ಮಿನಿಯಾಪೊಲಿಸ್ ಸಿಂಫನಿ ಅನ್ನೋ ಹೆಸರು 1968ರಲ್ಲೇ ಮಿನ್ನೆಸೋಟಾ ಆರ್ಕೆಸ್ಟ್ರಾ ಆಗಿತ್ತು. ಬರ್ಲಿನ್‌ಗೆ ಹೋಗಿದ್ರೆ ಅವರಿಗೆ ಸಿಗ್ತಿದ್ದದ್ದು ತಯಾರಾದ ಆರ್ಕೆಸ್ಟ್ರಾ, ಇಲ್ಲಿ ಮಾಡಿದ್ದು ತಯಾರು ಮಾಡೋ ಕೆಲಸ. ನನ್ನ ಲೆಕ್ಕದಲ್ಲಿ ಎರಡನೇದೇ ಕಷ್ಟ.

ಹಾಗಂತ ಎಲ್ಲಾ ಹೊಗಳಿಕೇನೇ ಬೇಡ. ಅರವತ್ತರ ದಶಕದ ಕೆಲವು ರೆಕಾರ್ಡಿಂಗ್ ನಂಗೂ ಸ್ವಲ್ಪ ಒಣ ಅನ್ಸುತ್ತೆ, ಪ್ರತಿಯೊಂದು ಎಳೆ ಸ್ಪಷ್ಟ, ಆದ್ರೆ ಬೆವರು ಬಂದಿಲ್ಲ. ಅದೇ ಸ್ಪಷ್ಟತೆ ವಯಸ್ಸು ಎಪ್ಪತ್ತರ ಆಸುಪಾಸಿಗೆ ಬಂದಾಗ ಆಸ್ಟ್ರಿಯಾದ ಸಂಯೋಜಕ ಬ್ರುಕ್ನರ್‌ನ ಕೃತಿಗಳಲ್ಲಿ ಬೇರೇನೇ ಆಗುತ್ತೆ. ಮ್ಯಾಂಚೆಸ್ಟರ್‌ನ ಹ್ಯಾಲೆ ಆರ್ಕೆಸ್ಟ್ರಾದಲ್ಲಿ ಏಳೆಂಟು ವರ್ಷ ಮುಗಿಸಿ, ಜರ್ಮನಿಯ ಗಡಿಯಲ್ಲಿರೋ ಸಾರ್‌ಬ್ರುಕೆನ್ ಅನ್ನೋ ಊರಿನ ರೇಡಿಯೋ ಆರ್ಕೆಸ್ಟ್ರಾ ಜೊತೆ 1991ರಿಂದ 2001ರವರೆಗೆ ಬ್ರುಕ್ನರ್‌ನ ಎಲ್ಲಾ ಸಿಂಫನಿ (ಇಡೀ ಆರ್ಕೆಸ್ಟ್ರಾಗಂತ ಬರೆದ ದೊಡ್ಡ ಕೃತಿಗಳು) ರೆಕಾರ್ಡ್ ಮಾಡಿದ್ರು, ಸಂಖ್ಯೆ ಇಲ್ಲದ ಎರಡು ಆರಂಭದ ಕೃತಿಗಳೂ ಸೇರಿ ಹನ್ನೊಂದು. ನೀವು ಹೇಳಿದ ಮೂರು ಊರಲ್ಲಿ ಒಂದೂ ಅಲ್ಲ ಅದು, ಆದ್ರೂ ಬ್ರುಕ್ನರ್ ಬಗ್ಗೆ ಮಾತಾಡೋರು ಇವತ್ತಿಗೂ ಆ ಸೆಟ್ಟನ್ನ ಬಿಟ್ಟು ಮುಂದೆ ಹೋಗಲ್ಲ. ಆಮೇಲೆ 2007ರಲ್ಲಿ, 83ನೇ ವಯಸ್ಸಲ್ಲಿ, ಟೋಕಿಯೋದ ಯೋಮಿಯುರಿ ಆರ್ಕೆಸ್ಟ್ರಾದ ಮುಖ್ಯ ಕಂಡಕ್ಟರ್. ನಮ್ಮಲ್ಲಿ ಆ ವಯಸ್ಸಿನವರಿಗೆ ಶಾಲು ಹೊದಿಸಿ ಕೂರಿಸ್ತೀವಿ.

19 ವರ್ಷ ಒಂದು ಕಡೆ ಇದ್ದದ್ದಕ್ಕೆ ಏನು ಸಿಕ್ತು ಅಂತ ಬರೆದಿದ್ರಲ್ಲ, 2012ರ ಅಕ್ಟೋಬರ್ ನೋಡಿ. ಸಂಬಳ ಕಡಿತದ ಜಗಳದಲ್ಲಿ ಆಡಳಿತ ಮಂಡಳಿ ಮಿನ್ನೆಸೋಟಾ ಆರ್ಕೆಸ್ಟ್ರಾದವರಿಗೆ ಬಾಗಿಲು ಹಾಕಿತು, ಲಾಕೌಟ್. ಕಲಾವಿದರು ತಾವೇ ಬೇರೆ ಜಾಗದಲ್ಲಿ ಕಛೇರಿ ಇಟ್ಕೊಂಡ್ರು, ನಡೆಸಿಕೊಡೋಕೆ ಬಂದದ್ದು 89ರ ಸ್ಟ್ಯಾನ್, ಅವರು ಆ ಹುದ್ದೆ ಬಿಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಲಾಕೌಟ್ 2014ರ ಜನವರೀಲಿ ಮುಗೀತು, ಫೆಬ್ರವರೀಲಿ ಆರ್ಕೆಸ್ಟ್ರಾ ತನ್ನ ಹಾಲ್‌ಗೆ ಮರಳಿದಾಗ ಮೊದಲ ಕಛೇರಿಗೂ ಅವರೇ, ಬೀಥೋವನ್‌ನ ಎರೋಯಿಕಾ ಅನ್ನೋ ಮೂರನೇ ಸಿಂಫನಿ ನುಡಿಸಿದ್ರು. 2016ರ ಅಕ್ಟೋಬರ್‌ನಲ್ಲಿ, 93 ತುಂಬಿದ ಮೇಲೆ, ಅದೇ ಆರ್ಕೆಸ್ಟ್ರಾ ಜೊತೆ ಬ್ರುಕ್ನರ್‌ನ ಎಂಟನೇದು, ಹತ್ತಿರ ಹತ್ತಿರ ಎಂಬತ್ತು ನಿಮಿಷದ ಕೃತಿ. 2017ರ ಫೆಬ್ರವರೀಲಿ ತೀರ್ಕೊಂಡ್ರು.

ಕೊನೇ ಸಾಲಲ್ಲಿ ಸವಾಲು ಹಾಕಿದ್ದೀರಿ, ಒಂದಾದ್ರೂ ಕೇಳೋ ಹಾಗಿರೋದು ಹೇಳಿ ಅಂತ. ಬ್ರುಕ್ನರ್‌ನಿಂದ ಶುರು ಮಾಡ್ಬೇಡಿ, ಅರ್ಧಕ್ಕೆ ಬಿಟ್ಟು ಇನ್ನೊಂದು ಪತ್ರ ಬರೀತೀರಿ. 1961ರಲ್ಲಿ ಪಿಯಾನೋ ವಾದಕ ಆರ್ಥರ್ ರುಬಿನ್‌ಸ್ಟೈನ್ ಜೊತೆ ಲಂಡನ್‌ನಲ್ಲಿ ರೆಕಾರ್ಡ್ ಮಾಡಿದ, ಶೋಪ್ಯಾನ್‌ನ ಒಂದನೇ ಪಿಯಾನೋ ಕಂಚೆರ್ಟೋ ಕೇಳಿ. ಪಿಯಾನೋ ಶುರುವಾಗೋಕೆ ಮುಂಚೆ ಆರ್ಕೆಸ್ಟ್ರಾ ಒಂದೇ ಸುಮಾರು ಹೊತ್ತು ನುಡಿಸುತ್ತೆ, ತುಂಬ ಜನ ಅದನ್ನ ಓಡಿಸಿಬಿಡ್ತಾರೆ, ನೀವು ಓಡಿಸ್ಬೇಡಿ, ಕೋಲು ಆಡಿಸೋರ ಕೆಲಸ ಇರೋದೇ ಅಲ್ಲಿ. ಫೋನ್ ಸ್ಪೀಕರ್ ಬೇಡ, ಹೆಡ್‌ಫೋನ್ ಹಾಕ್ಕೊಳ್ಳಿ.

– ಸಂಪಾದಕ