ಮೈಕ್ರೋಬಯಾಲಜಿ ಓದಿದವರು ಎಡ್‌ಟೆಕ್‌ನಲ್ಲಿ ಸಂಶೋಧನೆ ಮಾಡಬಹುದಾ, ಅದೂ ಆಂಟಿಬಯೋಟಿಕ್ ರೆಸಿಸ್ಟೆನ್ಸ್ ಬಗ್ಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಎಂ.ಎಸ್ಸಿ. ಮೈಕ್ರೋಬಯಾಲಜಿ ಮುಗಿಸಿದ್ದೀರಿ. ಆಂಟಿಬಯೋಟಿಕ್ ರೆಸಿಸ್ಟೆನ್ಸ್, ಅಂದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬಗ್ಗೆ ಕಾಲೇಜು ಹುಡುಗರಿಗೆ ಕನ್ನಡದಲ್ಲಿ ಕಲಿಸುವ ಒಂದು ಆ್ಯಪ್ ಮಾಡಿ, ಅದರ ಮೇಲೇ ಎಡ್‌ಟೆಕ್, ಅಂದರೆ ಕಲಿಕೆಯ ತಂತ್ರಜ್ಞಾನದಲ್ಲಿ ಪಿಎಚ್.ಡಿ. ಮಾಡಬೇಕು ಅಂತಿದ್ದೀರಿ. ಗೈಡ್ ಮಾತ್ರ ಇದು ಅತ್ತ ವಿಜ್ಞಾನವೂ ಅಲ್ಲ, ಇತ್ತ ಶಿಕ್ಷಣವೂ ಅಲ್ಲ ಅಂದಿದ್ದಾರೆ. ಮಾಡಬಹುದಾ ಅಂದ್ರೆ, ಖಂಡಿತ ಮಾಡಬಹುದು. ಆದರೆ ಆ್ಯಪ್‌ನಿಂದ ಶುರು ಮಾಡಬೇಡಿ. ನಾನೂ ಹಾಗೇ ವಿಡಿಯೋ, ಕ್ವಿಜ್ ಅಂತ ಶುರು ಮಾಡಿ ಒಂದು ವರ್ಷ ಹಾಳು ಮಾಡಿಕೊಂಡವನು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಡಿಗ್ರಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಕೋವಿಡ್ ಸಮಯದಲ್ಲಿ ಲ್ಯಾಬ್ ಮುಚ್ಚಿತ್ತು. ಆಗ ನಾಲ್ಕು ಅನಿಮೇಷನ್ ವಿಡಿಯೋ ಮಾಡಿಸಿ, ಪ್ರತಿಯೊಂದರ ಕೊನೆಗೂ ಫೋನಿನಲ್ಲೇ ಉತ್ತರಿಸುವ ಕ್ವಿಜ್ ಇಟ್ಟೆ. ವಿಡಿಯೋ ನೋಡಿದ ಮೇಲೆ ಎಲ್ಲರ ಅಂಕವೂ ಏರಿತು. ನನಗಂತೂ ಭಾರಿ ಹೆಮ್ಮೆ. ಕಾಲೇಜು ತೆರೆದ ಮೇಲೆ ಒಂದು ದಿನ, ಕ್ವಿಜ್‌ನಲ್ಲಿ ಪೂರ್ತಿ ಅಂಕ ತೆಗೆದಿದ್ದ ಹುಡುಗನೇ ಮೂಗು ಒರೆಸಿಕೊಳ್ಳುತ್ತಾ ಕೂತಿದ್ದ, ಡೆಸ್ಕ್ ಮೇಲೆ ಮೆಡಿಕಲ್ ಶಾಪ್‌ನವರು ಸ್ಟ್ರಿಪ್ ಕತ್ತರಿಸಿ ಕೊಟ್ಟ ಅಜಿಥ್ರೋಮೈಸಿನ್ ಮಾತ್ರೆ, ಅಂದರೆ ವೈರಸ್‌ಗೆ ನಾಟದ, ಬ್ಯಾಕ್ಟೀರಿಯಾಗಷ್ಟೇ ಕೊಡುವ ಆಂಟಿಬಯೋಟಿಕ್. ಚೀಟಿ ಗೀಟಿ ಏನೂ ಇಲ್ಲ. ‘ಏನಪ್ಪಾ, ನೆಗಡಿ ವೈರಸ್‌ನಿಂದ ಬರುತ್ತೆ ಅಂತ ನೀನೇ ಅಲ್ವಾ ಬರೆದಿದ್ದು?’ ಅಂದೆ. ‘ಅದು ಕ್ವಿಜ್‌ಗೆ ಸರ್, ಇದು ನೆಗಡಿಗೆ’ ಅಂದ. ಆಮೇಲೆ ಸ್ವಲ್ಪ ಸಂಕೋಚದಿಂದ, ‘ಮಾಮೂಲಿ ಮಾತ್ರೆ ನನ್ನ ಮೈಗೆ ಹತ್ತಲ್ಲ ಸರ್, ಒಗ್ಗಿಹೋಗಿದೆ’ ಅಂತ ಸೇರಿಸಿದ.

ಈ ‘ಮೈಗೆ ಒಗ್ಗಿಹೋಗಿದೆ’ ಅನ್ನುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಒಗ್ಗಿಹೋಗುವುದು ಮೈ ಅಲ್ಲ, ಬ್ಯಾಕ್ಟೀರಿಯಾ. ಮಾತ್ರೆಯನ್ನೇ ನುಂಗದ ನಿಮ್ಮ ಅಜ್ಜಿಗೂ ಬೇರೆ ಯಾರಿಂದಲೋ ಬಗ್ಗದ ಬ್ಯಾಕ್ಟೀರಿಯಾ ಅಂಟಬಹುದು. ಮೈಯೇ ಒಗ್ಗಿಕೊಳ್ಳುತ್ತೆ ಅಂದುಕೊಂಡವರಿಗೆ ಇದು ತಲೆಗೇ ಹೋಗುವುದಿಲ್ಲ. ‘ನನ್ನ ಮೈ, ನನ್ನ ಮಾತ್ರೆ, ನಿನಗೇನು ಕಷ್ಟ’ ಅನ್ನುತ್ತಾರೆ. ಹಾಗಂತ ಇದು ನಮ್ಮವರದ್ದೊಂದೇ ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಭಾರತವೂ ಸೇರಿ 12 ದೇಶಗಳಲ್ಲಿ ಸುಮಾರು 10,000 ಜನರನ್ನು ಕೇಳಿತ್ತು. ಅವರಲ್ಲಿ ಶೇ. 76 ಮಂದಿ ಮೈಯೇ ಔಷಧಕ್ಕೆ ಒಗ್ಗಿಕೊಳ್ಳುತ್ತದೆ ಅಂದಿದ್ದರು. ಶೇ. 64 ಮಂದಿ ನೆಗಡಿ, ಫ್ಲೂಗೂ ಆಂಟಿಬಯೋಟಿಕ್ ನಡೆಯುತ್ತೆ ಅಂದುಕೊಂಡಿದ್ದರು.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ, ಅದು ನಮಗೆ ಮಾತ್ರ ಕಾಣುವಂಥದ್ದು. ಪಠ್ಯದಲ್ಲಿ ಆಂಟಿಬಯೋಟಿಕ್ ರೆಸಿಸ್ಟೆನ್ಸ್‌ಗೆ ‘ಪ್ರತಿಜೀವಕ ನಿರೋಧಕತೆ’ ಅನ್ನುತ್ತೇವೆ. ಇಮ್ಯುನಿಟಿಗೆ ‘ರೋಗನಿರೋಧಕ ಶಕ್ತಿ’ ಅನ್ನುತ್ತೇವೆ. ಎರಡರಲ್ಲೂ ಅದೇ ‘ನಿರೋಧಕ’. ಕೋವಿಡ್‌ನಲ್ಲಿ ಕಷಾಯ ಕುಡಿದು ನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ ಅಂತ ಮನೆ, ಟಿವಿ, ವಾಟ್ಸಾಪ್ ಎಲ್ಲಾ ಕಡೆ ಕೇಳಿಸಿಕೊಂಡ ಹುಡುಗಿಗೆ ನಿರೋಧಕತೆ ಜಾಸ್ತಿ ಆದರೆ ಒಳ್ಳೇದೇ ಅಲ್ವಾ? ನನ್ನ ಕ್ಲಾಸಿನಲ್ಲೇ ಒಬ್ಬಳು ಟೆಸ್ಟ್ ಪೇಪರ್‌ನಲ್ಲಿ ‘ಪ್ರತಿಜೀವಕ ನಿರೋಧಕತೆಯನ್ನು ಹೆಚ್ಚಿಸಿಕೊಳ್ಳಲು ಪೌಷ್ಟಿಕ ಆಹಾರ ಸೇವಿಸಬೇಕು’ ಅಂತ ಅಚ್ಚುಕಟ್ಟಾಗಿ ಬರೆದಿದ್ದಳು. ಮೊದಲು ನಕ್ಕೆ. ಆಮೇಲೆ ಅನ್ನಿಸಿತು, ತಪ್ಪು ಅವಳದ್ದಲ್ಲ, ನಾವು ಕೊಟ್ಟ ಪದದ್ದು.

ನನ್ನ ಪ್ರಕಾರ ನಿಮ್ಮ ಸಂಶೋಧನೆಯ ಪ್ರಶ್ನೆ ಇಲ್ಲೇ ಬಿದ್ದಿದೆ. ಒಂದು ಗುಂಪಿಗೆ ‘ಪ್ರತಿಜೀವಕ ನಿರೋಧಕತೆ’ ಅಂತ ಪಾಠ, ಇನ್ನೊಂದಕ್ಕೆ ‘ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ’ ಅಂತ. ಉಳಿದದ್ದೆಲ್ಲ ಒಂದೇ. ಪಾಠ ಆದ ಮೇಲೆ ‘ಒಗ್ಗಿಕೊಳ್ಳುವುದು ಯಾವುದು’ ಅಂತ ಕೇಳಿ. ಇದಕ್ಕೆ ಹೊಸ ಆ್ಯಪ್ ಬೇಡ, ದೊಡ್ಡ ಗ್ರಾಂಟೂ ಬೇಡ. ಬಂದ ಉತ್ತರ ಮಾತ್ರ ನಾಳೆ ಪಠ್ಯಪುಸ್ತಕ ಬರೆಯುವವರಿಗೂ ಬೇಕಾಗುತ್ತೆ.

ಆ್ಯಪ್ ಬೇಡ ಅಂದ ಮಾತ್ರಕ್ಕೆ ವಿಡಿಯೋ ಬೇಡ ಅಂತಲ್ಲ. ಹಾರ್ವರ್ಡ್‌ನ ಮೆಗಾ-ಪ್ಲೇಟ್ ವಿಡಿಯೋ ನೀವು ನೋಡಿರುತ್ತೀರಿ. ವಿಜ್ಞಾನಿಗಳಾದ ರಾಯ್ ಕಿಶೋನಿ, ಮೈಕೆಲ್ ಬೇಮ್ ತಂಡ 2016ರಲ್ಲಿ ಪ್ರಕಟಿಸಿದ್ದು. ಎರಡು ಅಡಿಗೆ ನಾಲ್ಕು ಅಡಿಯ ತಟ್ಟೆ, ಬಾಗಿಲ ಅರ್ಧದಷ್ಟು ದೊಡ್ಡದು. ಅದರಲ್ಲಿ ಕಪ್ಪು ಬಣ್ಣದ ಅಗರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ. ಎರಡು ತುದಿಯಲ್ಲಿ ಔಷಧವೇ ಇಲ್ಲ, ಒಳಗೆ ಹೋದಂತೆ ಪಟ್ಟಿಯಿಂದ ಪಟ್ಟಿಗೆ ಔಷಧ ಹತ್ತು ಪಟ್ಟು ಏರುತ್ತದೆ. ಬಿಳಿ ಇ. ಕೋಲೈ ಬ್ಯಾಕ್ಟೀರಿಯಾ ತುದಿಯಿಂದ ಹರಡುತ್ತಾ ಬಂದು ಗಡಿಯಲ್ಲಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದೇ ಒಂದು ಚುಕ್ಕಿ ಗಡಿ ದಾಟಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಸುಮಾರು 10 ದಿನದಲ್ಲಿ, ಮೊದಲು ಕೊಂದಿದ್ದ ಪ್ರಮಾಣದ 1000 ಪಟ್ಟು ಔಷಧದಲ್ಲೂ ಬೆಳೆಯುತ್ತಿರುತ್ತದೆ.

ಅದ್ಭುತ ವಿಡಿಯೋ, ಆದರೆ ಸುಮ್ನೆ ಓಡಿಸಿದರೆ ಹುಡುಗರು ತಪ್ಪನ್ನೇ ಕಲಿಯುತ್ತಾರೆ. ‘ಬ್ಯಾಕ್ಟೀರಿಯಾ ನಿಧಾನಕ್ಕೆ ಔಷಧ ಕುಡಿಯೋದು ಅಭ್ಯಾಸ ಮಾಡಿಕೊಂಡವು ಸರ್’ ಅಂತಾರೆ. ಅದಕ್ಕೇ ಈಗ ನಾನು ಗಡಿಯಲ್ಲಿ ನಿಲ್ಲಿಸುತ್ತೇನೆ. ಮುಂದೆ ಎಲ್ಲಾ ಕಡೆಯಿಂದ ಒಟ್ಟಿಗೆ ದಾಟುತ್ತವಾ, ಅಥವಾ ಒಂದೆರಡು ಜಾಗದಿಂದ ಮಾತ್ರಾನಾ ಅಂತ ಕೇಳಿ ಫೋನಿನಲ್ಲಿ ಮತ ಹಾಕಿಸುತ್ತೇನೆ. ಬಹುಪಾಲು ಹುಡುಗರು ‘ಒಟ್ಟಿಗೆ’ ಅನ್ನುತ್ತಾರೆ. ಒಂದೇ ಚುಕ್ಕಿ ದಾಟಿದ್ದು ನೋಡಿದಾಗ ಕ್ಲಾಸಿನಲ್ಲಿ ಒಂದು ‘ಓ’ ಬರುತ್ತದೆ ನೋಡಿ, ಅಲ್ಲಿಂದ ಮ್ಯುಟೇಷನ್ ಪಾಠ ತಾನಾಗೇ ಸಾಗುತ್ತದೆ. ಕೋಟಿಗಟ್ಟಲೆಯಲ್ಲಿ ಒಂದಕ್ಕೆ ಡಿಎನ್‌ಎ ನಕಲಾಗುವಾಗ ತಪ್ಪಾಗಿದೆ, ಆ ತಪ್ಪೇ ಅದನ್ನು ಉಳಿಸಿತು, ಉಳಿದವು ಅಲ್ಲೇ ನಿಂತವು. ಯಾವುದೂ ಏನನ್ನೂ ಕಲಿಯಲಿಲ್ಲ. ಒಂದು ಎಚ್ಚರಿಕೆ: ಈ ವಿಡಿಯೋದಲ್ಲಿ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಜೀನ್ ದಾಟಿಸುವುದು ಕಾಣುವುದಿಲ್ಲ. ಆಸ್ಪತ್ರೆಗಳಲ್ಲಿ ಜಾಸ್ತಿ ತಲೆನೋವು ಅದರದ್ದೇ. ಹೆಸರಿನಲ್ಲಿ ನ್ಯೂ ಡೆಲ್ಲಿ ಇದ್ದದ್ದಕ್ಕೇ ದೊಡ್ಡ ಗಲಾಟೆ ಎಬ್ಬಿಸಿದ ಎನ್‌ಡಿಎಂ-1 ಜೀನ್ ಹೀಗೆ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟಬಲ್ಲ ಪುಟ್ಟ ಡಿಎನ್‌ಎ ಉಂಗುರ) ಮೇಲೆ ಕೂತು ಊರೂರು ಸುತ್ತುವಂಥದ್ದು. ಅದನ್ನು ಬೇರೆಯಾಗಿ ಕಲಿಸಬೇಕು.

ಇನ್ನು ವರ್ಚುವಲ್ ಲ್ಯಾಬ್. ಡಿಸ್ಕ್ ಟೆಸ್ಟ್ ನಿಮಗೆ ಗೊತ್ತೇ ಇದೆ, ಓದುವ ಬೇರೆಯವರಿಗಾಗಿ ಹೇಳುತ್ತೇನೆ: ಅಗರ್ ಮೇಲೆ ಬ್ಯಾಕ್ಟೀರಿಯಾ ಸವರಿ, ಔಷಧ ಹಚ್ಚಿದ 6 ಮಿ.ಮೀ. ಕಾಗದದ ಬಿಲ್ಲೆ ಇಟ್ಟು, 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಬಿಟ್ಟು, ಬಿಲ್ಲೆ ಸುತ್ತ ಏನೂ ಬೆಳೆಯದ ವೃತ್ತವನ್ನು ಸ್ಕೇಲ್‌ನಲ್ಲಿ ಅಳೆಯುವುದು; ವೃತ್ತ ತೀರಾ ಸಣ್ಣದಾದರೆ ಆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದ್ದು ಅಂತ ಅರ್ಥ. ಕಂಪ್ಯೂಟರಿನಲ್ಲಿ ಇದನ್ನು ಮಾಡಿಸುವ ಸಿಮ್ಯುಲೇಷನ್‌ಗಳಿವೆ. ನಮ್ಮಲ್ಲಿ ಎಷ್ಟೋ ಕಾಲೇಜಿಗೆ ನೆಟ್ಟಗೆ ಒಂದು ಆಟೋಕ್ಲೇವ್ (ಹಬೆಯಿಂದ ರೋಗಾಣು ಕೊಲ್ಲುವ ಯಂತ್ರ) ಇಲ್ಲ. ಬಗ್ಗದ ಬ್ಯಾಕ್ಟೀರಿಯಾವನ್ನು ಹುಡುಗರ ಕೈಗೆ ಕೊಡುವುದಂತೂ ಆಗದ ಮಾತು. ಹಾಗಾಗಿ ಸಿಮ್ಯುಲೇಷನ್ ಬೇಕೇ ಬೇಕು. ನನ್ನ ತಕರಾರು ಏನೆಂದರೆ, ಅಲ್ಲಿ ಏನೂ ತಪ್ಪಾಗುವುದಿಲ್ಲ. ನಿಜವಾದ ಲ್ಯಾಬ್‌ನಲ್ಲಿ ಅಗರ್ 4 ಮಿ.ಮೀ. ದಪ್ಪ ಇರಬೇಕು. ಯಾರೋ ಧಾರಾಳವಾಗಿ ಸುರಿದರೆ ಔಷಧ ಆಳಕ್ಕೂ ಇಳಿದು ವೃತ್ತ ಕುಗ್ಗುತ್ತದೆ, ಬಗ್ಗುವ ಬ್ಯಾಕ್ಟೀರಿಯಾವೂ ಬಗ್ಗದಂತೆ ಕಾಣುತ್ತದೆ. ಸಿಮ್ಯುಲೇಷನ್‌ನಲ್ಲಿ ಅಗರ್ ಯಾವಾಗಲೂ ಸರಿಯಾಗೇ ಇರುತ್ತದೆ. ದಪ್ಪ ಹೆಚ್ಚು ಕಡಿಮೆ ಮಾಡುವ ಒಂದು ಸ್ಲೈಡರ್ ಇಟ್ಟು, ‘ಈ ರಿಪೋರ್ಟ್ ಯಾಕೆ ತಪ್ಪಾಯಿತು, ಹುಡುಕಿ’ ಅನ್ನುವಂತೆ ಮಾಡಿದರೆ ಹೇಗೆ? ಆ್ಯಪ್ ಮಾಡಲೇಬೇಕು ಅನ್ನುವ ಆಸೆ ತೀರದಿದ್ದರೆ ಇದನ್ನು ಮಾಡಿ.

ಹಾಗೇ ವೃತ್ತದ ಅಳತೆ ಓದುವ ಹಳೇ ಚಾರ್ಟ್ ಬಗ್ಗೆ ಹುಷಾರು. ಇ. ಕೋಲೈ ಮೇಲೆ ಸಿಪ್ರೋಫ್ಲಾಕ್ಸಸಿನ್ ಅನ್ನುವ ಆಂಟಿಬಯೋಟಿಕ್‌ನ ವೃತ್ತ 21 ಮಿ.ಮೀ. ಬಂದರೆ ಔಷಧ ಕೆಲಸ ಮಾಡುತ್ತೆ ಅಂತ ನಾವು ಓದಿದ್ದೆವು. ಈ ಅಳತೆ ನಿಗದಿ ಮಾಡುವ ಅಮೆರಿಕದ ಸಿಎಲ್‌ಎಸ್‌ಐ 2019ರಲ್ಲಿ ಅದನ್ನು ಬದಲಿಸಿತು. ಈಗ 26 ಅಥವಾ ಜಾಸ್ತಿ ಬೇಕು, ಅದೇ 21 ಬಂದರೆ ‘ಬಗ್ಗದ್ದು’ ಅಂತ ಬರೆಯಬೇಕು. ಒಂದೇ ವೃತ್ತ, ಉತ್ತರ ಉಲ್ಟಾ! ನಾನೇ ಎಷ್ಟು ದಿನ ಹಳೇದನ್ನು ಪಾಠ ಮಾಡಿದೆನೋ, ಹೇಳೋಕೆ ನಾಚಿಕೆ.

ನಿಮ್ಮ ಗೈಡ್‌ಗೆ ತೋರಿಸಲು ಉದಾಹರಣೆ ಬೇಕು ಅಂದರೆ ಟೈನಿ ಅರ್ಥ್ ಅನ್ನುವ ಕಾರ್ಯಕ್ರಮ ನೋಡಿ. ವಿಜ್ಞಾನಿ ಜೋ ಹ್ಯಾಂಡಲ್ಸ್‌ಮನ್ 2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಮಾಲ್ ವರ್ಲ್ಡ್ ಇನಿಷಿಯೇಟಿವ್ ಅಂತ ಶುರು ಮಾಡಿದ್ದು, 2018ರಿಂದ ವಿಸ್ಕಾನ್ಸಿನ್‌ನಲ್ಲಿ ಈ ಹೆಸರಿನಲ್ಲಿ ಬೆಳೆದಿದೆ. ಡಿಗ್ರಿ ಹುಡುಗರು ತಮ್ಮೂರ ಮಣ್ಣು ತಂದು ಅದರಲ್ಲಿ ಆಂಟಿಬಯೋಟಿಕ್ ತಯಾರಿಸುವ ಹೊಸ ಬ್ಯಾಕ್ಟೀರಿಯಾ ಹುಡುಕುತ್ತಾರೆ. ಅಪಾಯದ ರೋಗಾಣು ಬದಲು ಅವುಗಳ ನಿರುಪದ್ರವಿ ದಾಯಾದಿಗಳ ಮೇಲೆ ಪರೀಕ್ಷಿಸುತ್ತಾರೆ. ಅಲ್ಲಿ ಪಾಠವೂ ಸಂಶೋಧನೆಯೂ ಒಂದೇ. ಇನ್ನೊಂದು, ಎಂಎಸ್‌ಎಫ್ (ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್) ಫೌಂಡೇಷನ್ ಮಾಡಿದ ಆಂಟಿಬಯೋಗೋ ಆ್ಯಪ್. ಡಿಸ್ಕ್ ಟೆಸ್ಟ್ ತಟ್ಟೆಯ ಫೋಟೋ ತೆಗೆದರೆ ಫೋನೇ ವೃತ್ತ ಅಳೆದು ಫಲಿತಾಂಶ ಓದಲು ನೆರವಾಗುತ್ತದೆ. ಮೈಕ್ರೋಬಯಾಲಜಿಸ್ಟ್ ಇಲ್ಲದ ಕಡೆಯ ಲ್ಯಾಬ್‌ಗಳಿಗಾಗಿ ಮಾಡಿದ್ದು. ಇಷ್ಟಕ್ಕೂ ಒಪ್ಪದಿದ್ದರೆ, 2019ರ ಒಂದೇ ವರ್ಷದಲ್ಲಿ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸತ್ತವರು ಸುಮಾರು 12.7 ಲಕ್ಷ ಅಂತ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕ ಮುಂದಿಡಿ. ಗೈಡ್‌ಗಳು ಸಾಮಾನ್ಯವಾಗಿ ಲ್ಯಾನ್ಸೆಟ್ ಹೆಸರಿಗೆ ಮೆತ್ತಗಾಗುತ್ತಾರೆ.

ಅಳತೆ ವಿಷಯದಲ್ಲಿ ನನ್ನ ತಪ್ಪು ಮಾಡಬೇಡಿ. ಪಾಠ ಆದ ತಕ್ಷಣ ಕ್ವಿಜ್ ಇಟ್ಟರೆ ನೆನಪಿನ ಶಕ್ತಿ ಮಾತ್ರ ಗೊತ್ತಾಗುತ್ತದೆ. ಆರು ವಾರ ಬಿಟ್ಟು ಮತ್ತೆ ಕೇಳಿ, ಹೇಳದೇ ಕೇಳಿ. ‘ಆಂಟಿಬಯೋಟಿಕ್ ವೈರಸ್ ಕೊಲ್ಲುತ್ತದೆಯೇ, ಸರಿ/ತಪ್ಪು’ ಅಂತಲ್ಲ. ‘ನಾಳೆ ಪರೀಕ್ಷೆ, ನಿನಗೆ ಗಂಟಲು ಕೆರೆತ, ರೂಮ್‌ಮೇಟ್ ತನ್ನ ಉಳಿದ ಮಾತ್ರೆ ಕೊಡ್ತಾನೆ, ಏನು ಮಾಡ್ತೀಯ, ಯಾಕೆ’ ಅಂತ ಕೇಳಿ. ಆ ‘ಯಾಕೆ’ ಕಾಲಂನಲ್ಲಿ ಬರೆಯುವುದೇ ನಿಮ್ಮ ಡೇಟಾ. ‘ಎ’ ಸೆಕ್ಷನ್‌ಗೆ ಒಂದು ಪಾಠ, ‘ಬಿ’ ಸೆಕ್ಷನ್‌ಗೆ ಇನ್ನೊಂದು ಅಂತ ಹಂಚಬೇಡಿ. ಅಂಕ ನೋಡಿ ಸೆಕ್ಷನ್ ಮಾಡಿರುವ ಕಾಲೇಜಾದರೆ ನಿಮ್ಮ ಫಲಿತಾಂಶಕ್ಕೆ ಮೂರು ಕಾಸಿನ ಬೆಲೆ ಇರಲ್ಲ. ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲೇ ತಗೊಳ್ಳಿ, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಕೊನೆಗೆ ಒಂದು ಸಣ್ಣ ಕೆಲಸ, ಈ ವಾರವೇ ಮಾಡಬಹುದು. ಹುಡುಗರಿಗೆ ಮನೆಯಿಂದ ಖಾಲಿಯಾದ, ಅರ್ಧ ಉಳಿದ ಮಾತ್ರೆ ಸ್ಟ್ರಿಪ್ ಎಲ್ಲಾ ತರಲು ಹೇಳಿ. ಹಿಂಬದಿಯಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತಲ್ಲ, ಡಾಕ್ಟರ್ ಚೀಟಿ ಇಲ್ಲದೇ ತಗೋಬೇಡಿ ಅನ್ನುವ ಗುರುತು. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದರ ಬಗ್ಗೆಯೇ ದೊಡ್ಡ ಪ್ರಚಾರ ಮಾಡಿತ್ತು. ಗೆರೆ ಇರುವುದು, ಇಲ್ಲದಿರುವುದು ಅಂತ ಎರಡು ಗುಡ್ಡೆ ಮಾಡಿಸಿ. ಆಮೇಲೆ ಗೆರೆ ಇರುವ ಗುಡ್ಡೆಯಲ್ಲಿ ಎಷ್ಟಕ್ಕೆ ಚೀಟಿ ಇತ್ತು ಅಂತ ಕೇಳಿ. ನನ್ನ ಕ್ಲಾಸಿನಲ್ಲಿ ಈ ಪ್ರಶ್ನೆ ಕೇಳಿದಾಗ ಒಬ್ಬರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, ‘ಸರ್, ನಿಮ್ಮ ಮನೆಯದ್ದೂ ತನ್ನಿ’ ಅಂದ. ನಾನೂ ತೆಗೆದುಕೊಂಡು ಹೋದೆ. ನನ್ನ ಸ್ಟ್ರಿಪ್‌ಗಳಲ್ಲೂ ಎರಡಕ್ಕೆ ಚೀಟಿ ಇರಲಿಲ್ಲ.