ಜಲಾಂತರ್ಗಾಮಿಯ ನಾಯಕನಾಗಲು ಅಷ್ಟು ವರ್ಷ ಏಕೆ ಬೇಕು?

ನೀರಿನಡಿಯಲ್ಲಿ ತಪ್ಪು ತಿದ್ದಿಕೊಳ್ಳಲು ಸಮಯ ಸಿಗುವುದಿಲ್ಲ, ಅದಕ್ಕೇ. ಕಾರವಾರದ ಹುಡುಗನೊಬ್ಬ ಎಳಿಮಲದ ನೌಕಾ ಅಕಾಡೆಮಿ ಮುಗಿಸಿದರೂ, ವಿಶಾಖಪಟ್ಟಣದ ಜಲಾಂತರ್ಗಾಮಿ ತರಬೇತಿ ಕೇಂದ್ರ ಐಎನ್‌ಎಸ್ ಶಾತವಾಹನದಲ್ಲಿ ಮತ್ತೆ ವಿದ್ಯಾರ್ಥಿಯಾಗಬೇಕು. ಕೊಳವೆ ಒಡೆದು ನೀರು ನುಗ್ಗಿದರೆ ಹತ್ತಿರವಿದ್ದವನೇ, ಅವನು ಅಡುಗೆಯವನಾದರೂ ಸರಿ, ಕತ್ತಲಲ್ಲಿ ತಡಕಿ ಸರಿಯಾದ ಕವಾಟ ಮುಚ್ಚಬೇಕು. ಆದ್ದರಿಂದ ಪ್ರತಿಯೊಬ್ಬರೂ ಇಡೀ ಹಡಗನ್ನು ಕಲಿತು ಪರೀಕ್ಷೆ ಗೆದ್ದ ಮೇಲಷ್ಟೇ ಎದೆಗೆ ಡಾಲ್ಫಿನ್ ಬಿಲ್ಲೆ. ನನ್ನ ಕಣ್ಣಿಗೆ ಅದು ಪದಕಕ್ಕಿಂತ ದೊಡ್ಡದು. ಆಮೇಲೆ ಒಂದೊಂದೇ ವಿಭಾಗದ ಹೊಣೆ, ಉಪನಾಯಕನ ಸ್ಥಾನ, ನಾಯಕತ್ವದ ಕಠಿಣ ಪರೀಕ್ಷೆ. 2022ರ ಮೇ ತಿಂಗಳಲ್ಲಿ ರಕ್ಷಣಾ ಸಚಿವರು ಕಾರವಾರದಿಂದ ಐಎನ್‌ಎಸ್ ಖಂಡೇರಿ ಜಲಾಂತರ್ಗಾಮಿ ಹತ್ತಿ ಸಮುದ್ರದಾಳಕ್ಕೆ ಹೋದಾಗ, ಅವರ ಜೀವವೂ ಹೀಗೆ ಪಳಗಿದ ಕೈಗಳಲ್ಲೇ ಇತ್ತು.