ನೌಕಾಪಡೆಯೇ ಇಲ್ಲದ ರೋಮ್, ಕಡಲೊಡೆಯ ಕಾರ್ತೇಜನ್ನು ಸೋಲಿಸಿದ್ದು ಹೇಗೆ?

ಪ್ರಶ್ನೆ: ಕಾರ್ತೇಜ್ ಶತಮಾನಗಳ ಕಾಲ ಮೆಡಿಟರೇನಿಯನ್ ಕಡಲಿನ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ನಗರ. ರೋಮನ್ನರೋ ನೆಲದ ಮೇಲೆ ಕಾದುವ ರೈತ ಸೈನಿಕರು. ಆದರೂ ಇಬ್ಬರ ನಡುವಿನ ಮೊದಲ ಯುದ್ಧವನ್ನು, ಅಂದರೆ ಮೊದಲ ಪ್ಯೂನಿಕ್ ಯುದ್ಧವನ್ನು, ರೋಮ್ ಕಡಲಿನಲ್ಲೇ ಗೆದ್ದಿತು. ವ್ಯಾಪಾರಿಗಳಿಗೆ ಯುದ್ಧ ಮಾಡುವ ಎದೆಗಾರಿಕೆ ಇರಲಿಲ್ಲ ಎಂದು ಎಲ್ಲೋ ಓದಿದ್ದೆ. ಇದು ನಿಜವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಎದೆಗಾರಿಕೆಯ ಮಾತನ್ನು ಮೊದಲು ಬದಿಗಿಡೋಣ. ಅದು ಗೆದ್ದವರು ಹೇಳಿಕೊಂಡ ಕಥೆ. ಕಾರ್ತೇಜಿನವರು ಬರೆದ ತಮ್ಮ ಚರಿತ್ರೆ ಒಂದೂ ಉಳಿದಿಲ್ಲ. ಈ ಯುದ್ಧದ ಬಗ್ಗೆ ನಮಗೆ ತಿಳಿದಿರುವುದರ ಬಹುಪಾಲು ಬಂದಿರುವುದು ರೋಮ್ ಪರ ಒಲವಿದ್ದ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್‌ನಿಂದ. ಕ್ರಿ.ಪೂ. 264ರಿಂದ 241ರವರೆಗೆ, 23 ವರ್ಷ ಪಟ್ಟು ಬಿಡದೆ ಹೋರಾಡಿದ ನಗರಕ್ಕೆ ಹೇಡಿ ಎಂಬ ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಆದರೆ ನಿಮ್ಮ ಪ್ರಶ್ನೆಯಲ್ಲಿ ನಿಜವಾದ ಒಗಟೊಂದಿದೆ. ಕಾರ್ತೇಜಿನ ಬಲ ಎಂಥದು ಎಂದು ತಿಳಿಯದೆ ಅದು ಬಿಡಿಸಿಕೊಳ್ಳುವುದಿಲ್ಲ. ಈಗಿನ ಲೆಬನಾನ್ ಕರಾವಳಿಯ ಟೈರ್ ನಗರದಿಂದ ಬಂದ ಫಿನೀಷಿಯನ್ನರು ಇಂದಿನ ಟ್ಯುನಿಸ್ ಪಕ್ಕದಲ್ಲಿ ಕಟ್ಟಿದ ಊರು ಅದು. ಸ್ಪೇನಿನ ಬೆಳ್ಳಿ, ಸಾರ್ಡೀನಿಯಾದ ಧಾನ್ಯ, ಆಫ್ರಿಕಾದ ದಂತ ಎಲ್ಲವೂ ಅದರ ಹಡಗುಗಳಲ್ಲಿ ಓಡಾಡುತ್ತಿದ್ದವು. ಕ್ರಿ.ಪೂ. 509ರದೆಂದು ಪೊಲಿಬಿಯಸ್ ಹೇಳುವ ರೋಮ್–ಕಾರ್ತೇಜ್ ಒಪ್ಪಂದವನ್ನು ಓದಿದರೆ ಈ ಹಿಡಿತ ಎಷ್ಟು ಬಿಗಿಯಾಗಿತ್ತೆಂದು ತಿಳಿಯುತ್ತದೆ. ನಿಗದಿತ ಭೂಶಿರವನ್ನು ದಾಟಿ ರೋಮನ್ನರ ಹಡಗು ಹೋಗುವಂತಿಲ್ಲ. ಬಿರುಗಾಳಿ ಅಲ್ಲಿಗೆ ದೂಡಿದರೆ ಹಡಗಿನ ರಿಪೇರಿಗೆ ಮತ್ತು ದೇವರ ಬಲಿಗೆ ಬೇಕಾದಷ್ಟನ್ನು ಮಾತ್ರ ಕೊಂಡು ಐದು ದಿನಗಳೊಳಗೆ ಜಾಗ ಖಾಲಿ ಮಾಡಬೇಕು. ಸಾರ್ಡೀನಿಯಾದಲ್ಲಿ ವ್ಯಾಪಾರ ಮಾಡಬಹುದು, ಆದರೆ ಸರ್ಕಾರಿ ಗುಮಾಸ್ತನ ಎದುರಿನಲ್ಲೇ. ಹಾಗೆ ಕುದುರಿದ ವ್ಯವಹಾರದ ಹಣಕ್ಕೆ ಸರ್ಕಾರವೇ ಜಾಮೀನು. ಯಾರು ಎಲ್ಲಿ ಕೊಳ್ಳಬಹುದು, ಎಲ್ಲಿ ಮಾರಬಹುದು ಎಂದು ತೀರ್ಮಾನಿಸುವ ಅಧಿಕಾರವೇ ಕಾರ್ತೇಜಿನ ಸಾಮ್ರಾಜ್ಯ. ಯುದ್ಧನೌಕೆಗಳಿದ್ದದ್ದು ಆ ಅಧಿಕಾರವನ್ನು ಕಾಯುವುದಕ್ಕೆ.

ಸಿಸಿಲಿ ದ್ವೀಪದ ಮೆಸ್ಸಾನಾ ಪಟ್ಟಣದ ಜಗಳದಲ್ಲಿ ಇಬ್ಬರೂ ಎದುರುಬದುರಾದಾಗ ರೋಮ್ ತನ್ನ ಸೈನ್ಯವನ್ನು ಜಲಸಂಧಿ ದಾಟಿಸಲು ನೇಪಲ್ಸ್, ಟಾರೆಂಟಮ್‌ನಂಥ ಗ್ರೀಕ್ ಊರುಗಳಿಂದ ಹಡಗುಗಳನ್ನು ಎರವಲು ತರಬೇಕಾಯಿತು. ಮುಂದಿನ ಕಥೆ ಪ್ರಸಿದ್ಧ. ದಡಕ್ಕೆ ಸಿಕ್ಕಿಕೊಂಡ ಕಾರ್ತೇಜಿನ ಹಡಗೊಂದನ್ನು ಮಾದರಿಯಾಗಿಟ್ಟುಕೊಂಡು ರೋಮನ್ನರು ಕ್ವಿಂಕ್ವೆರೀಮ್ ಎಂಬ ಭಾರಿ ಯುದ್ಧನೌಕೆಗಳನ್ನು ನೂರರ ಲೆಕ್ಕದಲ್ಲಿ ಕಟ್ಟಿದರು. ಒಂದೊಂದಕ್ಕೂ ಸುಮಾರು 300 ಮಂದಿ ಹುಟ್ಟು ಹಾಕುವವರು ಬೇಕು. ಹಡಗು ಸಿದ್ಧವಾಗುವ ಮೊದಲೇ ಅವರನ್ನು ನೆಲದ ಮೇಲೆ ಬೆಂಚುಗಳಲ್ಲಿ ಕೂರಿಸಿ, ಒಂದೇ ತಾಳಕ್ಕೆ ಮುಂದೆ ಬಾಗಿ ಹಿಂದೆ ಎಳೆಯುವುದನ್ನು ಕಲಿಸಿದರು. ಕ್ರಿ.ಪೂ. 260ರಲ್ಲಿ ಮೈಲೆ ಎಂಬಲ್ಲಿ ಶತ್ರು ಹಡಗಿನ ಮೇಲೆ ಕೆಡವಿ ಮೊಳೆಯೂರುವ ಸೇತುವೆಯೊಂದನ್ನು ಬಳಸಿ, ಕಡಲಕಾಳಗವನ್ನು ಕೈಕೈ ಹೊಡೆದಾಟವಾಗಿ ಮಾರ್ಪಡಿಸಿ ಗೆದ್ದರು.

ಹೆಚ್ಚಿನ ಪುಸ್ತಕಗಳು ಈ ಜಾಣ್ಮೆಯನ್ನೇ ಕೊಂಡಾಡಿ ನಿಲ್ಲಿಸುತ್ತವೆ. ನನಗೆ ಅದು ಅರ್ಧ ಉತ್ತರ. ಆ ಸೇತುವೆಯ ಸುದ್ದಿ ಕೆಲವೇ ವರ್ಷಗಳ ನಂತರ ಕೇಳಿಬರುವುದಿಲ್ಲ. ಯುದ್ಧವಾದರೋ ಇನ್ನೂ ಹದಿನೈದು ವರ್ಷ ಎಳೆಯಿತು. ಈ ಅವಧಿಯಲ್ಲಿ ರೋಮ್ ಕಡಲಿನಲ್ಲಿ ಕಂಡ ನಷ್ಟ ಭಯಾನಕ. ಕ್ರಿ.ಪೂ. 255ರಲ್ಲಿ ಸಿಸಿಲಿಯ ತೀರದಲ್ಲಿ ಬಿರುಗಾಳಿಗೆ ಸಿಕ್ಕ 364 ಹಡಗುಗಳಲ್ಲಿ ಉಳಿದದ್ದು 80 ಎನ್ನುತ್ತಾನೆ ಪೊಲಿಬಿಯಸ್. ಚುಕ್ಕಾಣಿ ಹಿಡಿದವರು ಬೇಡವೆಂದು ಗೋಗರೆದರೂ ಸೇನಾಧಿಪತಿಗಳು ಕಿವಿಗೊಟ್ಟಿರಲಿಲ್ಲ. ಎರಡು ವರ್ಷಗಳಲ್ಲಿ ಮತ್ತೊಂದು ಬಿರುಗಾಳಿ. ಕ್ರಿ.ಪೂ. 249ರಲ್ಲಿ ಸಿಸಿಲಿಯ ಡ್ರೆಪಾನಾದಲ್ಲಿ ಕಾರ್ತೇಜಿನ ನಾವಿಕರು ರೋಮ್‌ನ 93 ಹಡಗುಗಳನ್ನು ಸೆರೆಹಿಡಿದರು. ಇಡೀ ಯುದ್ಧದಲ್ಲಿ ರೋಮ್ ಸುಮಾರು 700, ಕಾರ್ತೇಜ್ ಸುಮಾರು 500 ಹಡಗುಗಳನ್ನು ಕಳೆದುಕೊಂಡವು ಎಂಬುದು ಪೊಲಿಬಿಯಸ್‌ನದೇ ಲೆಕ್ಕ. ಹೆಚ್ಚು ಹಡಗು ಕಳೆದುಕೊಂಡವನೇ ಗೆದ್ದ! ಒಗಟು ಇರುವುದು ಇಲ್ಲಿ.

ಇಟಲಿಯ ಮಿತ್ರ ನಗರಗಳು ರೋಮ್‌ಗೆ ಕಪ್ಪದ ಬದಲು ಆಳುಗಳನ್ನು ಕೊಡಬೇಕಿತ್ತು. ಹೀಗಾಗಿ ಮುಳುಗಿದ ಸಾವಿರಾರು ಮಂದಿಯ ಜಾಗಕ್ಕೆ ಮತ್ತೆ ಸಾವಿರಾರು ಮಂದಿ ಬರುತ್ತಿದ್ದರು. ಹಣ ಮಾತ್ರ ಕೊನೆಗೆ ಬರಿದಾಯಿತು. ಕ್ರಿ.ಪೂ. 242ರ ಹೊತ್ತಿಗೆ ಬೊಕ್ಕಸದಲ್ಲಿ ಹಡಗು ಕಟ್ಟಲು ಕಾಸಿರಲಿಲ್ಲ. ಆಗ ಸಿರಿವಂತ ನಾಗರಿಕರು ಒಬ್ಬೊಬ್ಬರಾಗಿ ಇಲ್ಲವೇ ಇಬ್ಬರು ಮೂವರು ಕೂಡಿ ಒಂದೊಂದು ಹಡಗಿನ ವೆಚ್ಚ ಹೊತ್ತರು. ಗೆದ್ದರೆ ಹಣ ವಾಪಸು ಎಂಬುದು ಷರತ್ತು. ಹಾಗೆ ಎದ್ದು ನಿಂತದ್ದು 200 ಹಡಗುಗಳ ಹೊಸ ಪಡೆ.

ಕಾರ್ತೇಜಿನಲ್ಲೂ ಹಣ ಖಾಲಿಯಾಗಿತ್ತು. ಈಜಿಪ್ಟಿನ ದೊರೆ ಟಾಲೆಮಿಯ ಬಳಿ 2,000 ಟ್ಯಾಲೆಂಟ್ (ಬೆಳ್ಳಿ ತೂಗುವ ಅಂದಿನ ಅಳತೆ) ಸಾಲ ಕೇಳಿದರೆ, ಇಬ್ಬರೂ ನನ್ನ ಮಿತ್ರರು ಎಂದು ಆತ ಕೈಚೆಲ್ಲಿದ. ಡ್ರೆಪಾನಾದ ಗೆಲುವಿನ ನಂತರ ರೋಮ್ ಇನ್ನು ಕಡಲಿಗಿಳಿಯದು ಎಂದು ನಂಬಿ ನಗರವು ತನ್ನ ನೌಕಾಪಡೆಯನ್ನು ಸೊರಗಲು ಬಿಟ್ಟು ಆಫ್ರಿಕಾದ ಒಳನಾಡಿನತ್ತ ತಿರುಗಿತ್ತು. ಸುಂಕದಿಂದ ಬದುಕುವ ರಾಜ್ಯಕ್ಕೆ ಅದು ವಿವೇಕದ ಲೆಕ್ಕವೇ. ಎದುರಾಳಿ ಆ ಲೆಕ್ಕವನ್ನೇ ಹಾಕುತ್ತಿರಲಿಲ್ಲ ಎಂಬುದು ಅವರ ದುರದೃಷ್ಟ.

ಕ್ರಿ.ಪೂ. 241ರ ಮಾರ್ಚ್ 10ರಂದು, ಸಿಸಿಲಿಯ ಪಶ್ಚಿಮಕ್ಕಿರುವ ಎಗಾಡಿ ದ್ವೀಪಗಳ ಬಳಿ, ಧಾನ್ಯ ಹೇರಿಕೊಂಡು ಭಾರವಾಗಿ ಬರುತ್ತಿದ್ದ ಕಾರ್ತೇಜಿನ ಪಡೆಯ ಮೇಲೆ ಆ ಹೊಸ ಹಡಗುಗಳು ಎರಗಿದವು. ಆ ಜಾಗದ ತಳದಿಂದ, ಸುಮಾರು 80 ಮೀಟರ್ ಆಳದಿಂದ, ಢಿಕ್ಕಿ ಹೊಡೆಯಲು ಹಡಗಿನ ಮೂತಿಗೆ ತೊಡಿಸುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಕಂಚಿನ ಮೂತಿಗಳನ್ನು ಪುರಾತತ್ತ್ವಜ್ಞರು ಈಗಾಗಲೇ ಎತ್ತಿದ್ದಾರೆ. ಹಲವು ರೋಮನ್ ಮೂತಿಗಳ ಮೇಲೆ ಅದನ್ನು ಪರೀಕ್ಷಿಸಿ ಒಪ್ಪಿಕೊಂಡ ಅಧಿಕಾರಿಯ ಹೆಸರಿದೆ. ಕಾರ್ತೇಜಿನ ಒಂದರ ಮೇಲೆ ಬಾಅಲ್ ದೇವರ ಕೋಪವನ್ನು ಆವಾಹಿಸುವ ಪ್ರಾರ್ಥನೆಯಿದೆ.

ಸೋತ ಕಾರ್ತೇಜ್ ಸಿಸಿಲಿಯನ್ನು ಬಿಟ್ಟುಕೊಟ್ಟು, 3,200 ಟ್ಯಾಲೆಂಟ್ ಬೆಳ್ಳಿಯನ್ನು, ಅಂದರೆ 80 ಟನ್ನಿಗೂ ಮಿಗಿಲಾದ ದಂಡವನ್ನು, ತೆರಲು ಒಪ್ಪಿತು.

ಪ್ರಶ್ನೆ: ರೋಮನ್ನರು ಕೊನೆಗೆ ಕಾರ್ತೇಜನ್ನು ಸುಟ್ಟು, ಅಲ್ಲಿ ಏನೂ ಬೆಳೆಯದಿರಲೆಂದು ನೆಲಕ್ಕೆ ಉಪ್ಪು ಸುರಿದರಂತೆ. ಹೌದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಸುಟ್ಟಿದ್ದು ನಿಜ, ಉಪ್ಪಿನದು ಕಟ್ಟುಕಥೆ. ಪ್ರಾಚೀನರ ಯಾವ ಬರಹದಲ್ಲೂ ಅದಿಲ್ಲ. ಆ ನೆಲದ ಗೋಧಿಯನ್ನೇ ರೋಮ್ ಮುಂದೆ ಶತಮಾನಗಟ್ಟಲೆ ಉಂಡಿತು.

ನಿಜವಾಗಿ ನಡೆದದ್ದು ಉಪ್ಪಿಗಿಂತ ಕ್ರೂರ. ಎರಡನೆಯ ಪ್ಯೂನಿಕ್ ಯುದ್ಧದಲ್ಲಿ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್‌ನ ಸೋಲಿನ ನಂತರ, ಕ್ರಿ.ಪೂ. 201ರಲ್ಲಿ, 50 ವರ್ಷಗಳ ಕಂತಿನಲ್ಲಿ 10,000 ಟ್ಯಾಲೆಂಟ್ ಕೊಡಬೇಕು, ಹತ್ತೇ ಯುದ್ಧನೌಕೆ ಇಟ್ಟುಕೊಳ್ಳಬೇಕು ಎಂದು ವಿಧಿಸಿದರು. ಕೇವಲ ಹತ್ತು ವರ್ಷಗಳಲ್ಲಿ ಕಾರ್ತೇಜ್ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುತ್ತೇನೆ ಎಂದು ಮುಂದೆ ಬಂದರೆ ರೋಮ್ ಒಪ್ಪಲಿಲ್ಲ. ಕಂತು ಮುಗಿದರೆ ಕಾರ್ತೇಜಿನ ಮೇಲಿನ ಬಿಗಿಯೂ ಸಡಿಲವಾಗುತ್ತಿತ್ತು ಎಂಬುದೇ ಅದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ಕ್ರಿ.ಪೂ. 149ರಲ್ಲಿ ನಗರದ ಆಯುಧಗಳನ್ನೆಲ್ಲ ಒಪ್ಪಿಸಿಕೊಂಡ ಮೇಲೆ ಕೊನೆಯ ಆಜ್ಞೆ ಬಂತು: ಊರು ಬಿಟ್ಟು ಕಡಲಿನಿಂದ ಸುಮಾರು 15 ಕಿಲೋಮೀಟರ್ ಒಳಗೆ ಹೋಗಿ ನೆಲೆಸಿ. ಬಂದರಿನಿಂದಲೇ ಉಸಿರಾಡುತ್ತಿದ್ದ ಜನರಿಗೆ ಅದು ಮರಣದಂಡನೆ. ನಿರಾಯುಧ ನಗರ ಮತ್ತೆ ಆಯುಧ ಮಾಡಿಕೊಂಡು ಮೂರು ವರ್ಷ ಮುತ್ತಿಗೆಯನ್ನು ತಡೆದು ನಿಂತಿತು. ಕ್ರಿ.ಪೂ. 146ರಲ್ಲಿ ಬದುಕುಳಿದ ಸುಮಾರು 50,000 ಮಂದಿಯನ್ನು ಗುಲಾಮರನ್ನಾಗಿ ಮಾರಿದರು.

ಪ್ರಶ್ನೆ: ಕಾರ್ತೇಜಿನ ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೂ ಬಂದಿದ್ದವೇ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಬಂದಿದ್ದಕ್ಕೆ ಪುರಾವೆ ಇಲ್ಲ. ಅವರ ಮುಖ್ಯ ದಾರಿಗಳು ಪಶ್ಚಿಮಕ್ಕೆ, ಸ್ಪೇನಿನಾಚೆಯ ಅಟ್ಲಾಂಟಿಕ್ ಕಡೆಗೆ. ನಮ್ಮತ್ತ ಹಡಗುಗಳು ಹೆಚ್ಚಾದದ್ದು ಕ್ರಿ.ಪೂ. 30ರಲ್ಲಿ ರೋಮ್ ಈಜಿಪ್ಟನ್ನು ವಶಪಡಿಸಿಕೊಂಡು ಕೆಂಪು ಸಮುದ್ರದ ಬಂದರುಗಳನ್ನು ಹಿಡಿದ ಮೇಲೆ. ಅಲ್ಲಿನ ಮಿಯೋಸ್ ಹಾರ್ಮೋಸ್‌ನಿಂದ ವರ್ಷಕ್ಕೆ 120 ಹಡಗುಗಳು ಭಾರತಕ್ಕೆ ಹೊರಡುತ್ತಿದ್ದವೆಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆಯುತ್ತಾನೆ. ಮೆಣಸಿಗೆ ಬೆಲೆಯಾಗಿ ಬಂದ ರೋಮನ್ ನಾಣ್ಯಗಳು ದಕ್ಷಿಣ ಭಾರತದ ಹಲವೆಡೆ ಸಿಕ್ಕಿವೆ. ಕರ್ನಾಟಕದಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿಯೂ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ.